ಗಾಳಿಮರೆಯ ಹತ್ತು ನಿಮಿಷ

ಪರದೇಶಕ್ಕೆ ಹೋಗಿ ಬಂದವರನ್ನು ನಮ್ಮ ಮೂಡುಬಿದಿರೆಯಲ್ಲಿ ಎಲ್ಲರೂ ಕೇಳುವುದು ಒಂದೇ ಮಾತು: “ಏನೆಲ್ಲ ನೋಡಿದ್ರಿ?” ನಾನು ನೋಡಿದ್ದು ನೀರು. ಸಿಂಗಾಪುರದಲ್ಲಿ ಹಡಗು ಹತ್ತಿದೆ, ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಇಳಿದೆ, ನಡುವೆ ಎರಡು ವಾರಕ್ಕೂ ಹೆಚ್ಚು ಬರೀ ನೀರು. ಮಾರಿಷಸ್ ದ್ವೀಪವನ್ನು ಅರ್ಧ ದಿನ ದೂರದಿಂದ ನೋಡಿದೆ, ಕಾಲಿಡಲಿಲ್ಲ. ಬರೆಯಬೇಕು ಅನ್ನಿಸಿದ್ದು ಆ ಅರ್ಧ ದಿನಕ್ಕಾಗಿಯೇ.

ಇವರು ಸರಕು ಹಡಗಿನಲ್ಲಿ ಚೀಫ್ ಎಂಜಿನಿಯರ್. ಹೆಂಡತಿಯನ್ನು ಒಮ್ಮೆ ಜೊತೆಗೆ ಕರೆದುಕೊಂಡು ಹೋಗಲಿಕ್ಕೆ ಅವಕಾಶ ಉಂಟು ಅಂತ ಮದುವೆಯಾದ ವರ್ಷದಿಂದ ಹೇಳುತ್ತಿದ್ದರು. ಅತ್ತೆಯ ಕಾಯಿಲೆ, ಮಗಳ ಪರೀಕ್ಷೆ ಅಂತ ನನಗೆ ಮನೆ ಬಿಡಲಿಕ್ಕೇ ಆಗಿರಲಿಲ್ಲ. ಈಗ ಮಗಳು ಮಿಜಾರಿನ ಹಾಸ್ಟೆಲಿನಲ್ಲಿದ್ದಾಳೆ. “ನೀವು ಹೋಗಿ ಅಮ್ಮ, ನಾನೇನು ಚಿಕ್ಕ ಮಗುವಾ?” ಅಂತ ಅವಳೇ ದೂಡಿದಳು.

ಹಡಗು ಹತ್ತಿದ ಮರುದಿನ

ಬೆಳಿಗ್ಗೆ ಎದ್ದ ಕೂಡಲೆ ಹಾಸಿಗೆಯ ಹೊದಿಕೆ ಕೊಡವುವುದು ನನ್ನ ಅಭ್ಯಾಸ. ಕ್ಯಾಬಿನ್ನಿನ ಓಣಿಯ ಕೊನೆಯಲ್ಲಿ ಒಂದು ಭಾರದ ಬಾಗಿಲು, ಅದರಾಚೆ ಕಟಕಟೆ, ಅದರಾಚೆ ಸಮುದ್ರ. ಹೊದಿಕೆಯನ್ನು ಕಟಕಟೆಯಿಂದ ಹೊರಗೆ ಹಿಡಿದು ಜೋರಾಗಿ ಕೊಡವಿದೆ. ಹಿಂದಿನ ದಿನ ಹಾಸಿಗೆಯಲ್ಲಿ ಕೂತು ತಿಂದ ಚಕ್ಕುಲಿಯ ಪುಡಿ ಪೂರ್ತಿ ಮರಳಿ ಬಂತು. ಅರ್ಧ ನನ್ನ ಮುಖಕ್ಕೆ, ಉಳಿದರ್ಧ ಹಿಂದಿನಿಂದ ಬರುತ್ತಿದ್ದ ಕ್ಯಾಪ್ಟನ್ನರ ಕಾಫಿ ಲೋಟಕ್ಕೆ.

ಕ್ಯಾಪ್ಟನ್ ಕ್ರೊಯೇಷಿಯಾದವರು, ಅರವತ್ತರ ಹತ್ತಿರದ ವಯಸ್ಸು. ನಿಂತೇ ಊಟ ಮಾಡುವ, ಬೇಕಾದಷ್ಟೇ ಮಾತಾಡುವ ಮನುಷ್ಯ. ಲೋಟದೊಳಗೆ ಇಣುಕಿ ನೋಡಿದರು. ಬೈಯಲಿಲ್ಲ. “ಮಿಸೆಸ್ ಚೀಫ್, ಇನ್ನು ಮುಂದೆ ಲೀ ಸೈಡಿನಲ್ಲಿ” ಎಂದು ಇಂಗ್ಲಿಷಿನಲ್ಲಿ ಹೇಳಿ ಹೋದರು.

ಲೀ ಎಂದರೆ ಯಾವ ಕಡೆ? ಕೇಳಲಿಕ್ಕೆ ಅಡುಗೆಮನೆಗೆ ಓಡಿದೆ. ಹಡಗಿನ ಅಡುಗೆಯವರು ಹಮೀದ್ ಕಾಕ, ನಮ್ಮ ಕಡೆಯ ಬಾಯಲ್ಲಿ ಹಮೀದಾಕ, ಬಂಟ್ವಾಳದ ಪಕ್ಕ ನರಿಕೊಂಬಿನವರು. ನಡುಸಮುದ್ರದಲ್ಲಿ ತುಳುವಿನಲ್ಲಿ ಮಾತಾಡಲಿಕ್ಕೆ ಒಬ್ಬರು ಸಿಕ್ಕಿದ್ದು ನನ್ನ ಪುಣ್ಯ. ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ತಲುಪಿತ್ತು.

“ಎಂಥ ಅಕ್ಕ, ಕ್ಯಾಪ್ಟನ್‌ಗೆ ಚಕ್ಕುಲಿ ತಿನ್ನಿಸಿದ್ರಂತೆ! ಆರು ತಿಂಗಳಿಂದ ನಾನು ನೋಡ್ತಾ ಇದ್ದೇನೆ, ಆ ಜನ ಖಾರ ಮುಟ್ಟುದಿಲ್ಲ ಮಾರಾಯ್ರೆ.”

“ನಗಾಡ್ಬೇಡಿ ಹಮೀದಾಕ. ಲೀ ಅಂದ್ರೆ ಎಂತ ಹೇಳಿ.”

ಅವರು ಅಡುಗೆಮನೆಯ ಎರಡೂ ಬಾಗಿಲು ತೋರಿಸಿದರು. ಎಡಗಡೆಯದು ಭದ್ರವಾಗಿ ಹಾಕಿತ್ತು, ಬಲಗಡೆಯದು ತೆರೆದಿತ್ತು. “ಗಾಳಿ ಎಡದಿಂದ ಬರ್ತಾ ಉಂಟು. ಹಡಗಿನ ಮೈ ಅದನ್ನು ತಡೀತದೆ. ಹಾಗಾಗಿ ಬಲಗಡೆ ಮರೆ. ಆ ಮರೆಯ ಕಡೆ ಲೀ. ಕಸ ಕೊಡವುದು, ಸಿಗರೇಟು ಸೇದುದು, ವಾಂತಿ ಮಾಡುದು ಎಲ್ಲ ಲೀ ಕಡೆಯೇ. ನಾಳೆ ಗಾಳಿ ತಿರುಗಿದ್ರೆ ಲೀಯೂ ತಿರುಗ್ತದೆ. ಬಾಗಿಲಿಗೆ ಹೆಸರು ಬರೆದಿಡ್ಲಿಕ್ಕೆ ಆಗುದಿಲ್ಲ.”

ಮಲ್ಪೆ, ಉಳ್ಳಾಲದ ಮೊಗವೀರರ ಬಾಯಲ್ಲಿ ಇದಕ್ಕೊಂದು ಪದ ಖಂಡಿತ ಇರಬೇಕು. ನಾನು ಹುಟ್ಟಿದ್ದು ಚಾರ್ಮಾಡಿ ಘಾಟಿಯ ಬುಡದ ಕಕ್ಕಿಂಜೆಯಲ್ಲಿ, ನನಗೆ ಗೊತ್ತಿಲ್ಲ. ಹಮೀದಾಕ ಅದನ್ನು ಗಾಳಿಮರೆ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆದುಕೊಂಡೆ.

ನಾಲ್ಕನೆಯ ದಿನ, ಸುಮಾತ್ರಾ ಹಿಂದೆ ಬಿದ್ದಾಗ

ಸಂಜೆ ಕ್ಯಾಪ್ಟನ್ ನನ್ನನ್ನು ಮೇಲೆ ಬ್ರಿಡ್ಜಿಗೆ, ಎಂದರೆ ಹಡಗು ನಡೆಸುವ ಕೋಣೆಗೆ, ಕರೆಸಿದರು. ಹೊರಗೆ ಬಾಲ್ಕನಿಯಂಥ ಚಾಚಿನಲ್ಲಿ ನಿಲ್ಲಿಸಿ ಕಣ್ಣು ಮುಚ್ಚಲಿಕ್ಕೆ ಹೇಳಿದರು. “ಎರಡೂ ಕಿವಿಯಲ್ಲಿ ಗಾಳಿ ಒಂದೇ ಸಮ ಕೇಳುವವರೆಗೆ ಮುಖ ತಿರುಗಿಸಿ. ಆಯಿತಾ? ಈಗ ನೀವು ಗಾಳಿಗೆ ಎದುರಾಗಿದ್ದೀರಿ. ನಿಮ್ಮ ಬೆನ್ನ ಹಿಂದೆ ಇರುವುದೇ ಲೀ.”

ಕಾನ್ವೆಂಟಿನ ಭೂಗೋಳ ಪಾಠ ನೆನಪಾಯಿತು. ಸಿಸ್ಟರ್ ಕರಿಹಲಗೆಯ ಮೇಲೆ ನಮ್ಮದೇ ಘಟ್ಟ ಬಿಡಿಸಿ, ಅರಬ್ಬಿ ಸಮುದ್ರದ ಕಡೆಯಿಂದ ಬಾಣ ಎಳೆದು, ಮಳೆ ಸುರಿಯುವ ನಮ್ಮ ಕಡೆ ವಿಂಡ್‌ವರ್ಡ್, ಒಣಗಿದ ಆಚೆ ಕಡೆ ಲೀವರ್ಡ್ ಎಂದು ಬರೆದಿದ್ದರು. ಲೀವರ್ಡ್ ಅಂದರೆ ಏನೋ ಸಿಗದೆ ಉಳಿದವರ ಜಾಗ ಎಂದೇ ಅಷ್ಟು ವರ್ಷ ಅಂದುಕೊಂಡಿದ್ದೆ. ಕ್ಯಾಪ್ಟನ್ನರಿಗೆ ಅದನ್ನು ಹೇಳಿದೆ.

“ಬೆಟ್ಟದವರ ಲೆಕ್ಕ ಅದು” ಎಂದರು. “ನಮಗೆ ಹಡಗಿನ ಲೀ ಒಳ್ಳೆಯದು. ಆದರೆ ದಡ ಲೀ ಕಡೆಗಿದ್ದರೆ ಹೆದರಬೇಕು. ಎಂಜಿನ್ ನಿಂತರೆ ಗಾಳಿ ನಮ್ಮನ್ನು ಅದೇ ದಡಕ್ಕೆ ಹೊಡೆಯುತ್ತದೆ. ನಮ್ಮ ಅಪ್ಪ ಮೀನುಗಾರ. ಅವರು ದೋಣಿ ಕಳೆದುಕೊಂಡದ್ದು ಹಾಗೆ.” ಅಷ್ಟು ಹೇಳಿ ದುರ್ಬೀನು ಎತ್ತಿಕೊಂಡರು.

ಏಳನೆಯ ದಿನ

ನಮ್ಮಲ್ಲಿ ಆಟಿ ತಿಂಗಳು, ಹೆಚ್ಚುಕಡಿಮೆ ಆಷಾಢ. ಊರಿನಲ್ಲಿ ಮಳೆ, ಇಲ್ಲಿ ಆಗ್ನೇಯದಿಂದ ಒಂದೇ ಸವನೆ ಗಾಳಿ. ಹಡಗು ಖಾಲಿ, ಡರ್ಬನ್‌ನಲ್ಲಿ ಕಲ್ಲಿದ್ದಲು ತುಂಬಿಸಲಿಕ್ಕಿತ್ತು. ಖಾಲಿ ಹಡಗು ಜಾಸ್ತಿ ಹೊರಳುತ್ತದೆ. ಅಡುಗೆಮನೆಯಲ್ಲಿ ಪಾತ್ರೆಗಳನ್ನು ಒಲೆಗೆ ಕಂಬಿ ಹಾಕಿ ಕಟ್ಟಿದ್ದರು.

ನಾನು ಹೋದಾಗ ಹಮೀದಾಕ ಅಕ್ಕಿ ಗೋಣಿಗೆ ಒರಗಿ ಕೂತಿದ್ದರು. ಹೊಕ್ಕುಳ ಹತ್ತಿರ ನೋವು ಅಂದರು. “ವಾಯು ಇರ್ಬೇಕು. ನಿನ್ನೆ ಕಡಲೆ ತಿಂದೆ.”

“ಇವರಿಗೆ ಹೇಳ್ತೇನೆ. ಔಷಧಿ ಪೆಟ್ಟಿಗೆ ಸೆಕೆಂಡ್ ಆಫೀಸರ್ ಹತ್ತಿರ ಉಂಟಲ್ಲ?”

“ಬೇಡ ಅಕ್ಕ. ಅಲ್ಲಾಹನಾಣೆ ಬೇಡ.” ನನ್ನ ಕೈಯನ್ನೇ ಹಿಡಿದುಕೊಂಡರು. “ಒಮ್ಮೆ ಹಡಗಿನ ಪುಸ್ತಕದಲ್ಲಿ ಕಾಯಿಲೆ ಅಂತ ಬರೆದ್ರೆ ಕ್ಯಾಪ್ಟನ್ ಹತ್ತಿರದ ಬಂದರಿನಲ್ಲಿ ಇಳಿಸ್ತಾನೆ. ನನಗೆ ಡರ್ಬನ್‌ನಿಂದ ಟಿಕೆಟ್ ಆಗಿದೆ. ಮಗಳ ನಿಖಾಹ್. ಹುಡುಗ ಸೌದಿಯ ಜುಬೈಲಿನಿಂದ ಬಂದಿದ್ದಾನೆ, ಅವನ ರಜೆ ಮುಗೀತದೆ. ಉಪ್ಪ ಅಂತ ಅವಳ ಕೈ ಹಿಡಿದು ಕೊಡ್ಲಿಕ್ಕೆ ನಾನು ಅಲ್ಲಿರ್ಬೇಕು.”

ನನ್ನ ಮದುವೆಗೆ ನನ್ನ ಅಪ್ಪ ಇರಲಿಲ್ಲ. ಕುವೈತಿನಿಂದ ಅಪ್ಪನಿಗೆ ಬರಲಿಕ್ಕಾಗಲಿಲ್ಲ, ದೊಡ್ಡಪ್ಪ ಧಾರೆ ಎರೆದರು. ಅವರ ಕೈಯ ತಂಬಿಗೆಯನ್ನು ನೋಡುತ್ತಾ ನಾನು ಯೋಚಿಸಿದ್ದು ಏನು ಎಂದು ಇವರಿಗೂ ಹೇಳಿಲ್ಲ. ಹಮೀದಾಕನಿಗೆ ನಾನು ಆಯಿತು ಅಂದೆ.

ಊರಿನಿಂದ ತಂದ ಓಮ, ಜೀರಿಗೆ, ಒಣಶುಂಠಿ ಹಾಕಿ ಕಷಾಯ ಕುದಿಸಿ ಕೊಟ್ಟೆ. ಬಿಸಿನೀರಿನ ಚೀಲ ಹೊಟ್ಟೆಯ ಮೇಲೆ ಇಡಿಸಿದೆ. ನಮ್ಮ ಮನೆಗಳಲ್ಲಿ ಹೊಟ್ಟೆನೋವು ಅಂದರೆ ಇಷ್ಟೇ ಅಲ್ಲವಾ? ಮರುದಿನ ನೋವು ಕೆಳಗೆ ಬಲಗಡೆಗೆ ಇಳಿಯಿತು. ಅವರ ಬದಲು ನಾನೇ ಮೂವತ್ತು ಚಪಾತಿ ಲಟ್ಟಿಸಿದೆ. “ಚೀಫ್‌ನ ಮಿಸೆಸ್‌ಗೆ ಬೋರ್ ಆಗ್ತದಂತೆ” ಅಂತ ಹಮೀದಾಕ ಎಲ್ಲರಿಗೂ ನಗುತ್ತಾ ಹೇಳಿದರು. ನಾನೂ ನಕ್ಕೆ.

ಒಂಬತ್ತನೆಯ ದಿನ ಬೆಳಿಗ್ಗೆ ಅವರು ನೆಟ್ಟಗೆ ನಿಂತು ಮೀನು ಹೆಚ್ಚುತ್ತಿದ್ದರು. “ನೋವು ಹೋಯ್ತು ಅಕ್ಕ! ಒಮ್ಮೆಲೇ ಹೋಯ್ತು. ಕೈಗುಣ ಅಂದ್ರೆ ನಿಮ್ಮದು.”

ನನಗೆ ಹೆಮ್ಮೆಯಾಯಿತು. ಇದನ್ನು ಬರೆಯಲೇಬೇಕು. ಆ ದಿನವಿಡೀ ನನಗೆ ಹೆಮ್ಮೆಯಿತ್ತು.

ಹತ್ತನೆಯ ದಿನ

ಬೆಳಿಗ್ಗೆ ತಿಂಡಿಯ ಹೊತ್ತಿಗೆ ಹಮೀದಾಕ ಅಡುಗೆಮನೆಯ ನೆಲದಲ್ಲಿ ಬಿದ್ದಿದ್ದರು. ಮೈ ಸುಡುತ್ತಿತ್ತು. ಹೊಟ್ಟೆ ಹಲಗೆಯ ಹಾಗೆ ಗಟ್ಟಿಯಾಗಿತ್ತು, ಮುಟ್ಟಿದರೆ ಕೂಗುತ್ತಿದ್ದರು. ನಾಲ್ಕು ಜನ ಎತ್ತಿ ಆಸ್ಪತ್ರೆ ಕೋಣೆ ಎಂದು ಹೆಸರಿಟ್ಟ ಸಣ್ಣ ಕ್ಯಾಬಿನ್ನಿಗೆ ಒಯ್ದರು. ಹಡಗಿನಲ್ಲಿ ಡಾಕ್ಟರ್ ಇರುವುದಿಲ್ಲ. ದಡದಲ್ಲಿರುವ ಒಬ್ಬ ಡಾಕ್ಟರಿಗೆ ಫೋನು ಹಚ್ಚಿ ಕ್ಯಾಪ್ಟನ್ ಮಾತಾಡತೊಡಗಿದರು. ಇವರೂ ಅಲ್ಲೇ ನಿಂತಿದ್ದರು. ನಾನು ಬಾಗಿಲಲ್ಲಿ.

“ನೋವು ಯಾವಾಗ ಶುರುವಾಯಿತು?” ಎಂದು ಫೋನಿನ ಆ ಕಡೆಯಿಂದ ಕೇಳಿತು.

ಕ್ಯಾಪ್ಟನ್, “ಇವತ್ತು ಬೆಳಿಗ್ಗೆ” ಎಂದರು.

ಹಮೀದಾಕ ಕಣ್ಣು ತೆರೆದು ನನ್ನನ್ನೇ ನೋಡಿದರು. ಆ ನೋಟದಲ್ಲಿ ಇನ್ನೂ ಬೇಡ ಅನ್ನುವುದೇ ಇತ್ತು.

“ಅಲ್ಲ” ಎಂದೆ. “ನಾಲ್ಕು ದಿನ ಆಯಿತು. ಮೊದಲು ಹೊಕ್ಕುಳ ಹತ್ತಿರ, ಮತ್ತೆ ಬಲಗಡೆ ಕೆಳಗೆ. ನಿನ್ನೆ ಬೆಳಿಗ್ಗೆ ಒಮ್ಮೆಲೇ ನಿಂತಿತ್ತು. ನನಗೆ ಗೊತ್ತಿತ್ತು. ಬಿಸಿನೀರಿನ ಚೀಲ ಇಟ್ಟದ್ದೂ ನಾನೇ.”

ಇವರು ತಿರುಗಿ, “ನಿನಗೆ ಗೊತ್ತಿತ್ತಾ?” ಎಂದು ತುಳುವಿನಲ್ಲಿ ಮೆಲ್ಲಗೆ ಕೇಳಿದರು. ಇಪ್ಪತ್ತೆರಡು ವರ್ಷದಲ್ಲಿ ಆ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು.

ಕ್ಯಾಪ್ಟನ್ ನೋವು ನಿಂತದ್ದು ಎಷ್ಟು ಗಂಟೆಗೆ ಎಂದು ಕೇಳಿ, ಬರೆದುಕೊಂಡು, ಫೋನಿನಲ್ಲಿ ಓದಿ ಹೇಳಿದರು. ಡಾಕ್ಟರು ಹೇಳಿದ್ದು ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು. ಕರುಳಿನ ಬಾಲ, ಅಪೆಂಡಿಕ್ಸ್, ಊದಿಕೊಂಡು ಒಡೆದಿರಬೇಕು. ಒಡೆದಾಗ ನೋವು ಸ್ವಲ್ಪ ಹೊತ್ತು ನಿಲ್ಲುತ್ತದೆ. ಈಗ ಕೀವು ಹೊಟ್ಟೆಯೆಲ್ಲ ಹರಡುತ್ತಿದೆ. ಡರ್ಬನ್‌ಗೆ ಐದು ದಿನ ಕಾಯಲಿಕ್ಕಾಗುವುದಿಲ್ಲ, ಕತ್ತಿ ಹಾಕಲೇಬೇಕು.

ಕ್ಯಾಪ್ಟನ್ ಮೇಲೆ ಹೋಗಿ ಹಡಗನ್ನು ಮಾರಿಷಸ್ ಕಡೆ ತಿರುಗಿಸಿದರು. ಇವರು ಎಂಜಿನ್ ಕೋಣೆಗೆ ಇಳಿದರು, ಇದ್ದಬದ್ದ ವೇಗವೆಲ್ಲ ಬೇಕಿತ್ತು. ನಾನು ಹಮೀದಾಕನ ಪಕ್ಕ ಕೂತೆ. ಬಾಯಿಗೆ ನೀರು ಕೊಡಬಾರದು ಎಂದಿದ್ದರು, ಒದ್ದೆ ಬಟ್ಟೆಯಲ್ಲಿ ತುಟಿ ಒರೆಸುತ್ತಿದ್ದೆ.

“ಹೇಳಿಬಿಟ್ರಿ ಅಲ್ಲ ಅಕ್ಕ?” ಎಂದರು ಒಮ್ಮೆ.

“ಹೇಳಿದೆ. ತಡ ಮಾಡಿ ಹೇಳಿದೆ.”

ಅವರು ಗೋಡೆಯ ಕಡೆ ಹೊರಳಿದರು.

ಹನ್ನೊಂದನೆಯ ದಿನ, ಮಾರಿಷಸ್ ಹೊರಗೆ

ಬೆಳಿಗ್ಗೆ ದ್ವೀಪ ಕಂಡಿತು. ಚೂಪು ಚೂಪು ಬೆಟ್ಟ, ಕೆಳಗೆ ಕಬ್ಬಿನ ಹಸಿರು. ಬಂದರಿರುವುದು ದ್ವೀಪದ ಲೀ ಕಡೆಗೆ. ಸುತ್ತಿಕೊಂಡು ಆ ಮರೆಗೆ ಬಂದ ಮೇಲೆ ಸಮುದ್ರ ಸ್ವಲ್ಪ ಇಳಿಯಿತು, ಆದರೆ ದ್ವೀಪದ ಎರಡು ತುದಿಗಳನ್ನು ಬಳಸಿಕೊಂಡು ಬರುವ ಅಲೆ ಬಿಡಲಿಲ್ಲ. ಗಾಳಿಯೂ ಬೆಟ್ಟದ ಸಂದಿಯಿಂದ ನುಗ್ಗುತ್ತಿತ್ತು. ಬಂದರಿನ ಒಳಗೆ ಹೋಗಲಿಕ್ಕೆ ಜಾಗ ಸಿಗುವಾಗ ಸಂಜೆಯಾಗುತ್ತದೆ, ಹೊರಗೇ ಇಳಿಸಿ ಎಂದು ಸಂದೇಶ ಬಂತು. ಒಂದು ಕಿತ್ತಳೆ ಬಣ್ಣದ ಸಣ್ಣ ದೋಣಿ ನಮ್ಮತ್ತ ಹೊರಟಿತ್ತು. ಒಂದು ಅಲೆಯ ಮೇಲೆ ಕಾಣುವುದು, ಇನ್ನೊಂದರ ಹಿಂದೆ ಇಲ್ಲವಾಗುವುದು.

ಖಾಲಿ ಹಡಗಿನ ಗೋಡೆ ನಾಲ್ಕು ಮಾಳಿಗೆ ಕಟ್ಟಡದಷ್ಟು ಎತ್ತರ. ಆ ಎತ್ತರದಿಂದ, ನಿಲ್ಲಲಿಕ್ಕೇ ಆಗದ ಮನುಷ್ಯನನ್ನು, ಕುಣಿಯುವ ದೋಣಿಯೊಳಗೆ ಇಳಿಸಬೇಕು. ಹಮೀದಾಕನನ್ನು ಸ್ಟ್ರೆಚರಿಗೆ ಪಟ್ಟಿ ಬಿಗಿದು ಡೆಕ್ಕಿಗೆ ತಂದಿದ್ದರು. ಡೆಕ್ಕಿನ ಕೆಲಸಗಾರರ ಹಿರಿಯ, ಫಿಲಿಪೀನ್ಸಿನ ರೋಮಿ, ಕ್ರೇನಿನ ಕೊಕ್ಕೆಯನ್ನು ಮೂರು ಸಲ ಎಳೆದು ನೋಡಿದ. ಬ್ರಿಡ್ಜಿನಿಂದ ಕ್ಯಾಪ್ಟನ್ನರ ದನಿ ಅವನ ಕೈಯ ವಾಕಿಟಾಕಿಯಲ್ಲಿ ಬಂತು.

ರೋಮಿ ನನ್ನತ್ತ ತಿರುಗಿ, “ಮೇಡಂ, ಕಟಕಟೆ ಗಟ್ಟಿಯಾಗಿ ಹಿಡ್ಕೊಳ್ಳಿ. ಕ್ಯಾಪ್ಟನ್ ಲೀ ಮಾಡ್ತಾರೆ” ಎಂದ.

ಲೀ ಇರುತ್ತದೆ ಎಂದು ಗೊತ್ತಿತ್ತು. ಲೀಯನ್ನು ಮಾಡುತ್ತಾರೆ ಎಂದು ಗೊತ್ತಿರಲಿಲ್ಲ.

ಹಡಗು ನಿಧಾನವಾಗಿ ತಿರುಗತೊಡಗಿತು. ಅಷ್ಟು ಹೊತ್ತು ಮೂತಿಯಿಂದ ಅಲೆ ಸೀಳುತ್ತಿದ್ದದ್ದು ಈಗ ತನ್ನ ಇಡೀ ಎಡಮೈಯನ್ನು ಗಾಳಿಗೆ ಕೊಟ್ಟು ಅಡ್ಡ ನಿಂತಿತು. ಕೂಡಲೆ ಹೊಡೆತ ಶುರು. ಆಚೆ ಬದಿಯಲ್ಲಿ ನೀರು ಅಪ್ಪಳಿಸಿ ಡೆಕ್ಕಿನ ಮೇಲೆ ಹಾರಿತು. ಹಡಗು ಹೊರಳಿತು, ಮತ್ತೆ ಹೊರಳಿತು. ಒಳಗಿನಿಂದ ತಟ್ಟೆಗಳು ಜಾರಿ ಒಡೆಯುವ ಸದ್ದು ಕೇಳಿತು. ಯಾರೋ ಕೂಗಿದರು.

ಈಚೆ ಬದಿಯಲ್ಲಿ ಕೆಳಗೆ ನೋಡಿದೆ. ಹಡಗು ತಿರುಗುತ್ತಾ ಅಲೆಗಳನ್ನು ಒರೆಸಿಬಿಟ್ಟಿತ್ತು. ಗೋಡೆಯ ಬುಡದಲ್ಲಿ ಒಂದು ಅಂಗಳದಷ್ಟು ನೀರು ಎಣ್ಣೆ ಸವರಿದ ಹಾಗೆ ನುಣುಪಾಗಿ ಬಿದ್ದುಕೊಂಡಿತ್ತು. ಗಾಳಿ ಇಲ್ಲ. ಸದ್ದು ಕೂಡ ಇಲ್ಲ. ಕಕ್ಕಿಂಜೆಯಲ್ಲಿ ಶಾಲೆಯ ಬಸ್ಸಿಗೆ ಕಾಯುವಾಗ ಅಮ್ಮ ಕೊಡೆಯನ್ನು ತಲೆಯ ಮೇಲೆ ಹಿಡಿಯುತ್ತಿರಲಿಲ್ಲ, ಮಳೆ ಬರುವ ಕಡೆಗೆ ವಾಲಿಸಿ, ತಾನೂ ಆ ಕಡೆಯೇ ನಿಲ್ಲುತ್ತಿದ್ದಳು. ಅವಳ ಸೀರೆಯ ಒಂದು ಬದಿ ಪೂರ್ತಿ ಒದ್ದೆ. ನಮ್ಮ ಪುಸ್ತಕದ ಚೀಲ ಒಣಗಿಯೇ ಇರುತ್ತಿತ್ತು.

ಕಿತ್ತಳೆ ದೋಣಿ ಆ ಅಂಗಳದೊಳಗೆ ಬಂದು ಸುಮ್ಮನಾಯಿತು.

“ಹತ್ತು ನಿಮಿಷ” ಎಂದ ರೋಮಿ. “ಅದಕ್ಕಿಂತ ಹೆಚ್ಚು ಹೀಗೆ ಹಿಡೀಲಿಕ್ಕಾಗುದಿಲ್ಲ. ಗಾಳಿ ಹಡಗನ್ನೇ ದೋಣಿಯ ಮೇಲೆ ದೂಡ್ತದೆ.”

ಸ್ಟ್ರೆಚರ್ ಮೇಲೆದ್ದಿತು. ಹಮೀದಾಕ ಆಕಾಶಕ್ಕೆ ಮುಖ ಮಾಡಿ ಮಲಗಿದ್ದರು. ಬಾಯಲ್ಲಿ ಕಲಿಮಾ ಹೇಳುತ್ತಿದ್ದರು. ಕಣ್ಣಿನಿಂದ ನೀರು ಕಿವಿಗೆ ಇಳಿಯುತ್ತಿತ್ತು. ಕಟಕಟೆ ದಾಟುವಾಗ ಬಲಗೈಯನ್ನು ಪಟ್ಟಿಯಿಂದ ಬಿಡಿಸಿಕೊಂಡು ಗಾಳಿಯಲ್ಲಿ ಚಾಚಿದರು. ಹಿಡಿಯಲಿಕ್ಕೆ ನಾನು ಮುಂದೆ ಬಾಗಿದೆ, ರೋಮಿ ನನ್ನ ಭುಜ ಹಿಡಿದು ಹಿಂದೆ ಎಳೆದ. ಆ ಕೈ ಹಾಗೆಯೇ ಚಾಚಿಕೊಂಡು ಕೆಳಗೆ ಕೆಳಗೆ ಹೋಯಿತು.

ದೋಣಿಯಲ್ಲಿ ಇಬ್ಬರಿದ್ದರು. ಒಬ್ಬ ಚುಕ್ಕಾಣಿಯಲ್ಲಿ. ಇನ್ನೊಬ್ಬ, ದಪ್ಪಗಿನ, ನರೆಗೂದಲಿನವನು, ಸ್ಟ್ರೆಚರಿನ ಹಗ್ಗ ಹಿಡಿಯಲಿಕ್ಕೆ ನಿಂತಿದ್ದ. ಸ್ಟ್ರೆಚರ್ ಕೈಗೆಟಕುವಷ್ಟು ಇಳಿದಾಗ ಅವನು ಮೊದಲು ಹಗ್ಗ ಹಿಡಿಯಲಿಲ್ಲ, ಚಾಚಿದ್ದ ಕೈಯನ್ನು ಹಿಡಿದ. ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಕೊಕ್ಕೆ ಬಿಡಿಸಿದ.

ದೋಣಿ ಮರೆಯಿಂದ ಹೊರಟು ಅಲೆಗೆ ಬಿದ್ದಾಗ ನೀರು ಎರಡಾಳೆತ್ತರ ಹಾರಿತು. ಹಡಗು ತಿರುಗಬೇಕಿತ್ತು, ತಿರುಗಲಿಲ್ಲ. ಮೇಲೆ ಬ್ರಿಡ್ಜಿನ ಚಾಚಿನಲ್ಲಿ ಕ್ಯಾಪ್ಟನ್ ಒಬ್ಬರೇ ನಿಂತಿದ್ದರು. ಕಿತ್ತಳೆ ಬಣ್ಣ ಚುಕ್ಕೆಯಾಗುವವರೆಗೆ ಹಡಗನ್ನು ಹಾಗೆಯೇ ಅಡ್ಡ ಹಿಡಿದಿದ್ದರು.

ಡರ್ಬನ್ ದಾರಿಯಲ್ಲಿ

ಶಸ್ತ್ರಚಿಕಿತ್ಸೆ ಆಯಿತು ಎಂದು ಆ ಸಂಜೆ ಸಂದೇಶ ಬಂತು. ಹಮೀದಾಕ ಬದುಕಿದ್ದಾರೆ, ತಿಂಗಳವರೆಗೂ ಆಸ್ಪತ್ರೆ ಬಿಡಲಿಕ್ಕಾಗದು ಎಂದಿತ್ತು. ನಿಖಾಹ್‌ಗೆ ಉಳಿದದ್ದು ಐದು ದಿನ.

ಅವರ ಅಡುಗೆಮನೆಯನ್ನು ನಾನು ಮತ್ತು ರೋಮಿಯ ಹುಡುಗರು ನಡೆಸಿದೆವು. ಇವರು ಎರಡು ದಿನ ನನ್ನೊಡನೆ ಬೇಕಾದ ಮಾತು ಮಾತ್ರ ಆಡಿದರು. ಮೂರನೆಯ ದಿನ ಬಂದು ಈರುಳ್ಳಿ ಸುಲಿಯಲಿಕ್ಕೆ ಕೂತರು. “ಝುಬೈದಾಗೆ ನೀನೇ ಹೇಳ್ಬೇಕು” ಎಂದರು. ಝುಬೈದಾ ಹಮೀದಾಕನ ಹೆಂಡತಿ. ನನಗೂ ಹಾಗೇ ಅನ್ನಿಸಿತ್ತು, ಧೈರ್ಯ ಬಂದಿರಲಿಲ್ಲ.

ನಿಖಾಹ್‌ನ ಹಿಂದಿನ ದಿನ ಹಡಗಿನಿಂದ ನರಿಕೊಂಬಿಗೆ ಫೋನು ಮಾಡಿದೆ. ಎಲ್ಲ ಹೇಳಿದೆ. ಹೊಟ್ಟೆನೋವು, ಕಷಾಯ, ಬಿಸಿನೀರಿನ ಚೀಲ, ನಾಲ್ಕು ದಿನದ ನನ್ನ ಸುಮ್ಮನಿರುವಿಕೆ. ಆ ಕಡೆ ಮದುವೆಮನೆಯ ಗದ್ದಲ, ನಡುವೆ ಝುಬೈದಾರ ಉಸಿರು.

“ನಾನೂ ಅದನ್ನೇ ಮಾಡ್ತಿದ್ದೆ ಅಂತ ಹೇಳಿದ್ರೆ ನಿಮಗೆ ಸಮಾಧಾನ ಆದೀತು ಅಕ್ಕ” ಎಂದರು ಕೊನೆಗೆ. “ಆದ್ರೆ ನಾನು ಹಡಗಿನ ಸಾಹೇಬ್ರಿಗೆ ಹೇಳ್ತಿದ್ದೆ. ಇವರು ಬೈದ್ರೂ ಹೇಳ್ತಿದ್ದೆ.”

“ಹೌದು.”

“ನಾಳೆ ಇವರ ತಮ್ಮ ನಿಖಾಹ್ ಮಾಡಿ ಕೊಡ್ತಾರೆ. ಇವರು ಆಸ್ಪತ್ರೆಯಿಂದ ಫೋನಿನಲ್ಲಿ ಒಪ್ಪಿಗೆ ಕೊಟ್ರು. ದನಿಯೇ ಬರ್ಲಿಲ್ಲ.” ಮತ್ತೆ ಕೇಳಿದರು. “ಇಳಿಸುವಾಗ ನೀವು ನೋಡ್ತಾ ಇದ್ರಾ?”

“ಇದ್ದೆ.”

“ಇವರು ಹೆದರಿದ್ರಾ?”

“ಹೆದರಿದ್ರು. ಅಳ್ತಾ ಇದ್ರು. ಕಲಿಮಾ ಹೇಳ್ತಾ ಇದ್ರು.”

“ಅಲೆ ದೊಡ್ಡದಿತ್ತಾ?”

“ಆಚೆ ಕಡೆ ಇತ್ತು. ಅವರು ಇಳಿದ ಕಡೆ ಇರ್ಲಿಕ್ಕೆ ಕ್ಯಾಪ್ಟನ್ ಬಿಡ್ಲಿಲ್ಲ. ಹಡಗನ್ನೇ ಅಡ್ಡ ಇಟ್ರು.”

“ಯಾರಾದ್ರೂ ಹತ್ತಿರ ಇದ್ರಾ?”

ದೋಣಿಯ ದಪ್ಪ ಮನುಷ್ಯ ಹಗ್ಗ ಬಿಟ್ಟು ಕೈ ಹಿಡಿದದ್ದನ್ನು ಹೇಳಿದೆ. ಝುಬೈದಾ ಅದನ್ನು ಇನ್ನೊಮ್ಮೆ ಹೇಳಿಸಿದರು. ಮತ್ತೊಮ್ಮೆಯೂ. ಯಾವ ಕೈ ಎಂದೂ ಕೇಳಿದರು.

“ಅವರ ಹೆಸರು ಎಂತ?”

“ಗೊತ್ತಿಲ್ಲ.”

“ಕೇಳಿ ತಿಳಿಸ್ತೀರಾ ಅಕ್ಕ? ನಾಳೆ ದುವಾ ಬೇಡುವಾಗ ಹೇಳ್ಲಿಕ್ಕೆ ಒಂದು ಹೆಸರು ಬೇಕು.”

ಬ್ರಿಡ್ಜಿಗೆ ಹತ್ತಿದೆ. ಕ್ಯಾಪ್ಟನ್ ಎಲ್ಲ ಕೇಳಿಸಿಕೊಂಡು, ಕನ್ನಡಕ ಹಾಕಿಕೊಂಡು, ಮಾರಿಷಸ್ ಬಂದರಿಗೆ ಮೇಲ್ ಬರೆದರು. ಅಲ್ಲಿಂದ ದೋಣಿಯವರಿಗೆ ಹೋಗಬೇಕು, ಅವರು ಉತ್ತರಿಸಬೇಕು. ಮರುದಿನ ಮಧ್ಯಾಹ್ನ, ಊರಿನಲ್ಲಿ ನಿಖಾಹ್‌ಗೆ ಮುಕ್ಕಾಲು ಗಂಟೆ ಇರುವಾಗ, ಅವರೇ ಅಡುಗೆಮನೆಯವರೆಗೆ ಇಳಿದು ಬಂದು ಒಂದು ಚೀಟಿ ಕೊಟ್ಟರು. ಗಾಯೆತಾನ್. ಫ್ರೆಂಚ್ ಹೆಸರು, ಹೀಗೆ ಹೇಳಬೇಕು ಎಂದು ಎರಡು ಸಲ ಹೇಳಿ ತೋರಿಸಿದರು.

ಕನ್ನಡದಲ್ಲಿ ಬರೆದು ಕಳುಹಿಸಿದೆ. ಸ್ವಲ್ಪ ಹೊತ್ತಿನಲ್ಲಿ ಝುಬೈದಾರ ದನಿಯ ಸಂದೇಶ ಬಂತು. ಹಿಂದೆ ಪಾತ್ರೆಗಳ ಮುಚ್ಚಳದ ಸದ್ದು, ಹೆಂಗಸರ ಮಾತು.

“ಗಾ-ಯೆ-ತಾನ್. ಗಾಯೆತಾನ್. ಸರಿ ಉಂಟಾ ಅಕ್ಕ?”

ಪಕ್ಕದಿಂದ ಒಂದು ಹುಡುಗಿಯ ದನಿ ಕೇಳಿತು, ಮಗಳೇ ಇರಬೇಕು. “ಉಮ್ಮ, ಯಾರು ಅದು?”

ಝುಬೈದಾ ಫೋನಿನಿಂದ ಮುಖ ತಿರುಗಿಸಿರಬೇಕು, ಮಾತು ದೂರದಿಂದ ಬಂತು.

“ನಿನ್ನ ಉಪ್ಪನ ಕೈ ಹಿಡಿದವರು.”